ಒಂದೂಕಾಲು ರೂಪಾಯಿಯ ಮುಡಿಪು

ಮಲೆನಾಡಿನ ಮನೆಗಳಲ್ಲಿ ಹರಕೆಯ ಮಾತು ಈಗಲೂ ಒಂದೂಕಾಲು ರೂಪಾಯಿಯ ಲೆಕ್ಕದಲ್ಲೇ ಬಾಯಿಗೆ ಬರುತ್ತದೆ. ಮಗುವಿನ ಜ್ವರ ಇಳಿಯಲಿಲ್ಲ, ಮೇಯಲು ಬಿಟ್ಟ ಹಸು ಎರಡು ದಿನವಾದರೂ ಕೊಟ್ಟಿಗೆಗೆ ಬರಲಿಲ್ಲ, ಕೊಳೆರೋಗ ತಗುಲಿ ಅಡಿಕೆ ಉದುರತೊಡಗಿತು ಅಂದರೆ ದೇವರ ಗೂಡಿನ ಮುಂದೆ ನಿಂತು ‘ಒಂದೂಕಾಲು ರೂಪಾಯಿ ಮುಡಿಪು ಕಟ್ಟಿಡ್ತೇನೆ’ ಎಂದು ಹೇಳಿಬಿಡುತ್ತಾರೆ. ಹುಡುಕಾಟ ಶುರುವಾಗುವುದು ಆಮೇಲೆ. ಒಂದು ರೂಪಾಯಿ ಸಿಕ್ಕೀತು, ಕಾಲು ರೂಪಾಯಿಯನ್ನು ಎಲ್ಲಿಂದ ತರುವುದು? 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ನಿಂತುಹೋಯಿತು. ಬ್ಯಾಂಕಿನಲ್ಲಿ ಬದಲಾಯಿಸಿಕೊಳ್ಳಲು ಕೊಟ್ಟಿದ್ದ ಗಡುವೂ ಅದರ ಹಿಂದಿನ ದಿನಕ್ಕೇ ಮುಗಿದಿತ್ತು. ಪಾವಲಿ ಹೋಯಿತು, ಪಾವಲಿಯ ಹರಕೆ ಉಳಿಯಿತು.

ತೀರ್ಥಹಳ್ಳಿ ಕಡೆಯ ಒಂದು ಮನೆಯಲ್ಲಿ ಕಂಡದ್ದು ಇದು. ಆಷಾಢದ ಮಳೆ, ಜಗಲಿಯವರೆಗೂ ಇರಚಲು. ಒಳಗೆ ಮರಿಮಗುವಿಗೆ ಮೂರನೇ ದಿನದ ಜ್ವರ. ಆಸ್ಪತ್ರೆಯ ಔಷಧಿ ನಡೆದೇ ಇತ್ತು, ಅದರ ಜೊತೆಗೆ ಅಜ್ಜಿ ಸಾಸಿವೆ ಡಬ್ಬಿಯನ್ನು ಮಡಿಲಿಗೆ ಸುರಿದುಕೊಂಡು ಕೂತಿದ್ದರು. ಸಾಸಿವೆಯ ತಳದಲ್ಲಿ ಅವರ ಗುಪ್ತ ಖಜಾನೆ: ಎರಡು ತೂತಿನ ಕಾಸು, ಒಂದು ಹಿತ್ತಾಳೆ ಬಣ್ಣದ 20 ಪೈಸೆ, ಘೇಂಡಾಮೃಗದ ಚಿತ್ರವಿರುವ ಒಂದು ಪಾವಲಿ. ಪಾವಲಿಯನ್ನು ಸೆರಗಿನಲ್ಲಿ ಒರೆಸಿ ಒಂದು ರೂಪಾಯಿಯ ಪಕ್ಕ ಇಟ್ಟಾಗ ಮೊಮ್ಮಗ ಹೇಳಿದ: “ಅಜ್ಜಿ, ಅದು ನಡೆಯಲ್ಲ. ಹುಂಡಿ ಎಣಿಸುವವರು ಆಚೆ ಹಾಕ್ತಾರೆ.” ಅಜ್ಜಿ ತಲೆ ಎತ್ತಲಿಲ್ಲ. “ನಡೆಯಲ್ಲ ಅಂದ್ರೆ ಎಂತ ಮಾರಾಯ? ದೇವರು ಅಂಗಡಿ ಇಟ್ಟಿದಾನಾ?”

ಇಬ್ಬರ ಮಾತೂ ಸರಿಯೇ. ದೇವರು ಅಂಗಡಿ ಇಟ್ಟಿಲ್ಲ, ಆದರೆ ದೇವಸ್ಥಾನದವರು ನೈವೇದ್ಯದ ಅಕ್ಕಿಯನ್ನು ಅಂಗಡಿಯಿಂದಲೇ ತರಬೇಕು. ಹಳೆಯ ನಾಣ್ಯದ ವಿಧಿಗಳನ್ನು ಇವತ್ತಿನ ನಾಣ್ಯದಲ್ಲಿ ಮಾಡಲು ಹೊರಟವರಿಗೆ ಎಲ್ಲ ಕಡೆಯೂ ಎದುರಾಗುವುದು ಈ ತೊಡಕೇ. ಮುಡಿಪು, ತಪ್ಪು ಕಾಣಿಕೆ, ಕಲಶ, ಆರತಿ ತಟ್ಟೆ, ನಿವಾಳಿ, ಮನೆಯ ಪಾಯ, ಹೆಣದ ಹಣೆ, ಯಾವುದನ್ನು ತೆಗೆದುಕೊಂಡರೂ ಅಲ್ಲೊಂದು ನಾಣ್ಯ ಬೇಕು. ಆ ನಾಣ್ಯದ ಯಾವ ಗುಣ ಬೇಕು, ಯಾವುದನ್ನು ಬಿಟ್ಟರೂ ನಡೆದೀತು ಎಂಬುದು ತಿಳಿದರೆ ಉಳಿದದ್ದು ಕೈಕೆಲಸ.

ಬದಲಿ ಯಾವುದಕ್ಕೆ ಉಂಟು

ಈ ಪ್ರಶ್ನೆಯನ್ನು ನಮ್ಮ ಹಿಂದಿನವರು ಆಗಲೇ ಕೂಲಂಕಷವಾಗಿ ಯೋಚಿಸಿಟ್ಟಿದ್ದಾರೆ. ವೇದದ ಯಜ್ಞವಿಧಿಗಳನ್ನು ವಿಚಾರಿಸುವ ಜೈಮಿನಿಯ ಮೀಮಾಂಸಾ ಸೂತ್ರಗಳ ಆರನೆಯ ಅಧ್ಯಾಯದಲ್ಲಿ ಪ್ರತಿನಿಧಿಯ, ಅಂದರೆ ಬದಲಿಯ ಚರ್ಚೆ ಬರುತ್ತದೆ. ಹೇಳಿದ ದ್ರವ್ಯ ಸಿಗದಿದ್ದರೆ ಅದನ್ನು ಹೋಲುವ ಬೇರೆ ದ್ರವ್ಯವನ್ನು ಬಳಸಬಹುದು, ಸೋಮಲತೆ ಸಿಗದಿದ್ದರೆ ಪೂತೀಕ ಆದೀತು. ಆದರೆ ದೇವತೆಗೆ, ಮಂತ್ರಕ್ಕೆ, ಕ್ರಿಯೆಗೆ ಪ್ರತಿನಿಧಿ ಇಲ್ಲ. ಮನೆಯ ಪೂಜೆಯಲ್ಲಿ ನಾವು ದಿನಾ ಮಾಡುವುದೂ ಇದನ್ನೇ. ‘ಆಭರಣಾರ್ಥೇ ಅಕ್ಷತಾನ್ ಸಮರ್ಪಯಾಮಿ’ ಎಂದು ಹೇಳಿ ಒಡವೆಯ ಬದಲು ನಾಲ್ಕು ಕಾಳು ಅಕ್ಷತೆ ಹಾಕುತ್ತೇವೆ. ದಕ್ಷಿಣೆ ಕೊಡುವಾಗಿನ ಮಂತ್ರ ‘ಹಿರಣ್ಯಗರ್ಭಗರ್ಭಸ್ಥಂ ಹೇಮಬೀಜಂ’ ಎಂದು ಚಿನ್ನವನ್ನು ಹೊಗಳುತ್ತದೆ, ಕೈಯಲ್ಲಿರುವುದು ಉಕ್ಕಿನ ಬಿಲ್ಲೆ. ಅದರಲ್ಲಿ ಯಾರಿಗೂ ಕೊರತೆ ಕಂಡಿಲ್ಲ. ಲೋಹ, ಬೆಲೆ, ಮುದ್ರೆ ಇವೆಲ್ಲ ದ್ರವ್ಯದ ಕಡೆ ಸೇರಿದವು, ಬದಲಾಗಬಹುದು. ಎಣಿಸುವುದು, ಬಾಯಿಬಿಟ್ಟು ಹೇಳುವುದು, ಕಟ್ಟುವುದು, ಎತ್ತಿಡುವುದು, ತಲುಪಿಸುವುದು ಕ್ರಿಯೆಯ ಕಡೆಯವು. ಅವುಗಳಲ್ಲಿ ಒಂದನ್ನು ಬಿಟ್ಟರೂ ಉಳಿಯುವುದು ಬರೀ ಚಿಲ್ಲರೆ.

ಮುಡಿಪು ಎಂಬ ಮಾತೇ ಇದನ್ನು ಹೇಳುತ್ತದೆ. ಮುಡಿ ಎಂದರೆ ಗಂಟು, ಕಟ್ಟು. ಹುಲ್ಲಿನಲ್ಲಿ ಬಿಗಿದ ಅಕ್ಕಿಗೆ ಅಕ್ಕಿಮುಡಿ ಎನ್ನುತ್ತೇವೆ, ಬದುಕನ್ನೇ ಒಂದು ಕೆಲಸಕ್ಕೆ ಮೀಸಲಿಟ್ಟವರನ್ನು ‘ಜೀವನ ಮುಡಿಪಾಗಿಟ್ಟರು’ ಎನ್ನುತ್ತೇವೆ. ಕಟ್ಟಿದ ಕ್ಷಣದಿಂದ ಆ ನಾಣ್ಯ ಸಂತೆಯ ಲೆಕ್ಕದಿಂದ ಹೊರಗೆ ಬಂತು. ಅದನ್ನು ದೇವರಿಗೆ ಕೊಡುವ ಕೂಲಿ ಎಂದು ತಿಳಿದರೆ ಒಂದೂಕಾಲು ರೂಪಾಯಿ ತೀರಾ ಅಲ್ಪ. ಅದು ಮಾತಿಗೆ ಇಟ್ಟ ಈಡು. ಮಧ್ಯಯುಗದ ಇಂಗ್ಲೆಂಡಿನಲ್ಲೂ ಇಂಥದೇ ಒಂದು ಪದ್ಧತಿ ಇತ್ತು. ಕಾಯಿಲೆಯವರ ತಲೆಯ ಮೇಲೆ ಒಂದು ಬೆಳ್ಳಿಯ ಪೆನ್ನಿ ಹಿಡಿದು, ಒಬ್ಬ ಸಂತನ ಹೆಸರು ಹೇಳಿ, ನಾಣ್ಯವನ್ನು ಬಗ್ಗಿಸಿ ಇಡುತ್ತಿದ್ದರು. ಗುಣವಾದ ಮೇಲೆ ಆ ಸಂತನ ಸಮಾಧಿಗೆ ಅದನ್ನು ಒಯ್ದು ಒಪ್ಪಿಸುತ್ತಿದ್ದರು. ಬಗ್ಗಿದ ಪೆನ್ನಿ ಬೇರೆ ನಾಣ್ಯಗಳ ಜೊತೆ ಬೆರೆಯುವುದಿಲ್ಲ, ನೋಡಿದವರಿಗೆಲ್ಲ ಇದು ಮೀಸಲು ಎಂದು ಗೊತ್ತಾಗುತ್ತದೆ. ಅಲ್ಲಿ ಬಗ್ಗಿಸಿದರು, ಇಲ್ಲಿ ಬಟ್ಟೆಯಲ್ಲಿ ಕಟ್ಟಿದರು. ಆ ಪದ್ಧತಿಯನ್ನು ಓದಿ ನಮ್ಮ ನಾಣ್ಯವನ್ನು ಸುತ್ತಿಗೆಯಲ್ಲಿ ಬಡಿಯಲು ಹೋಗಬೇಡಿ. 2011ರ ನಾಣ್ಯ ಕಾಯ್ದೆ ನಾಣ್ಯಗಳನ್ನು ಕರಗಿಸುವುದನ್ನೂ ಹಾಳುಮಾಡುವುದನ್ನೂ ನಿಷೇಧಿಸಿದೆ. ಬಟ್ಟೆಯೇ ಆ ಕೆಲಸ ಮಾಡುತ್ತದೆ.

ಕಾಲು ರೂಪಾಯಿಯ ಲೆಕ್ಕ

ಹಳೆಯ ಲೆಕ್ಕದಲ್ಲಿ ರೂಪಾಯಿಗೆ 16 ಆಣೆ, 64 ಕಾಸು, 192 ಪೈ. ಒಂದೂಕಾಲು ರೂಪಾಯಿ ಎಂದರೆ 20 ಆಣೆ, ಅಂದರೆ ಐದು ಪಾವಲಿ. 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಬಂದಾಗ ನಾಲ್ಕಾಣೆ ಸರಿಯಾಗಿ 25 ನಯಾಪೈಸೆಗೆ ಕೂತಿತು, ಹಾಗಾಗಿ ಒಂದೂಕಾಲಿನ ಹರಕೆಗೆ ಅಂದು ಏನೂ ಆಗಲಿಲ್ಲ. ಒಂದಾಣೆಯ ಹರಕೆ ಹೊತ್ತವರು ಮಾತ್ರ ಸಿಕ್ಕಿಬಿದ್ದರು. ಒಂದಾಣೆಗೆ ಆರೂಕಾಲು ನಯಾಪೈಸೆ, ಆ ಕಾಲು ಪೈಸೆಗೆ ನಾಣ್ಯವೇ ಇಲ್ಲ. ಇಂದು ಒಂದೂಕಾಲಿಗೆ ಬಂದ ಕಷ್ಟ ಅಂದು ಒಂದಾಣೆಗೆ ಬಂದಿತ್ತು. ಹರಕೆ ಹೊರುವುದನ್ನು ಜನ ಆಗಲೂ ನಿಲ್ಲಿಸಲಿಲ್ಲ.

ಈಗ ಚಲಾವಣೆಯಲ್ಲಿರುವವು 50 ಪೈಸೆ, 1, 2, 5, 10 ಮತ್ತು 20 ರೂಪಾಯಿಯ ನಾಣ್ಯಗಳು. ಎಂಟಾಣೆಯನ್ನು ಅಂಗಡಿಯವರು ಮುಟ್ಟದಿದ್ದರೂ ಕಾನೂನಿನಲ್ಲಿ ಅದು ಇನ್ನೂ ಜೀವಂತ. ಹತ್ತು ರೂಪಾಯಿಯ ನಾಣ್ಯ ನಡೆಯುವುದಿಲ್ಲ ಎಂಬ ಗಾಳಿಮಾತು ನಮ್ಮ ಕಡೆ ವರ್ಷಗಟ್ಟಲೆ ಓಡಾಡಿತು. ಹದಿನಾಲ್ಕು ವಿನ್ಯಾಸಗಳೂ ಸಿಂಧು ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಸ್ಪಷ್ಟಪಡಿಸಿದೆ, ಕಾಣಿಕೆಗೆ ಧೈರ್ಯವಾಗಿ ಬಳಸಬಹುದು. ಒಂದೂಕಾಲಿನ ಜಾಗಕ್ಕೆ ಮೂರು ಬದಲಿಗಳು ಬಳಕೆಯಲ್ಲಿವೆ. ಒಂದು ರೂಪಾಯಿಯ ಜೊತೆ ಎಂಟಾಣೆ ಸೇರಿಸಿ ಒಂದೂವರೆ ಮಾಡುವುದು, ರೂಪಾಯಿಯನ್ನು ನೂರಕ್ಕೆ ಏರಿಸಿ 125 ರೂಪಾಯಿ ಇಡುವುದು, ಐದು ಪಾವಲಿಯ ಲೆಕ್ಕ ಹಿಡಿದು ಒಂದು ರೂಪಾಯಿಯ ಐದು ನಾಣ್ಯ ಕಟ್ಟುವುದು. ಇವುಗಳಲ್ಲಿ ಸರಿಯಾದದ್ದು ಕೊನೆಯದು. ಒಂದೂವರೆ ಕಾಲಿನ ಲೆಕ್ಕವನ್ನೇ ಕೆಡಿಸುತ್ತದೆ. 125ರಲ್ಲಿ ನೋಟು ಸೇರುತ್ತದೆ, ನೋಟು ಮಲೆನಾಡಿನ ಒಂದು ಮಳೆಗಾಲವನ್ನೂ ಬಟ್ಟೆಯೊಳಗೆ ತಡೆಯುವುದಿಲ್ಲ. ಐದು ನಾಣ್ಯದಲ್ಲಿ ಎಣಿಕೆ ಉಳಿಯುತ್ತದೆ, ಕೈಗೆ ಐದು ಸಲ ಎಣಿಸುವ ಕೆಲಸ ಸಿಗುತ್ತದೆ, ಮಗುವಿಗೂ ಕಲಿಸಬಹುದು. ಕೊಟ್ಟ ಮೊತ್ತ ಆಡಿದ ಮಾತಿಗಿಂತ ಹೆಚ್ಚಾದರೆ ತಪ್ಪಿಲ್ಲ, ಕಮ್ಮಿಯಾಗಬಾರದು ಅಷ್ಟೆ. ಹೊಸದಾಗಿ ಹರಕೆ ಹೊರುವಾಗ ಬಾಯಲ್ಲಿ ‘ಐದು ನಾಣ್ಯದ ಮುಡಿಪು’ ಎಂದೇ ಹೇಳುವುದು ಒಳ್ಳೆಯದು. ಮುಂದೆ ಒಂದು ರೂಪಾಯಿಯೂ ಚಲಾವಣೆಯಿಂದ ಹೋದರೆ ಮಾತು ಕೆಡುವುದಿಲ್ಲ.

ಅಜ್ಜಿಯ ಪಾವಲಿಗೂ ಜಾಗವಿದೆ. ಒಂದು ರೂಪಾಯಿಯ ಐದು ನಾಣ್ಯಗಳ ನಡುವೆ ಅದನ್ನು ಆರನೆಯದಾಗಿ ಇಡಿ, ಸಾಕ್ಷಿ ನಾಣ್ಯ ಎಂದು. ಹರಕೆ ತೀರಿದ ದಿನ ಐದನ್ನು ಹುಂಡಿಗೆ ಹಾಕಿ ಪಾವಲಿಯನ್ನು ಮನೆಗೆ ತಂದು ದೇವರ ಗೂಡಿನಲ್ಲಿಟ್ಟರೆ ಮುಂದಿನ ಮುಡಿಪಿಗೆ ಅದೇ ಮತ್ತೆ ಒದಗುತ್ತದೆ. ಆದರೆ ಕಟ್ಟುವಾಗಲೇ ‘ಐದು ನಿನಗೆ, ಇದು ಸಾಕ್ಷಿಗೆ’ ಎಂದು ಬಾಯಿಬಿಟ್ಟು ಹೇಳಿರಬೇಕು. ಹೇಳದೆ ಕಟ್ಟಿದ್ದನ್ನು ವಾಪಸು ತರುವಂತಿಲ್ಲ.

ಬಟ್ಟೆ, ಅರಿಶಿನ, ಗಂಟು

ಮುಡಿಪು ಕೆಡುವುದು ನಾಣ್ಯದಿಂದಲ್ಲ, ಬಟ್ಟೆಯಿಂದ. ಒಂದು ಗೇಣು ಚೌಕದ ಬಿಳಿ ಹತ್ತಿ ಬಟ್ಟೆ ಸಾಕು. ಅಂಗಡಿಯಿಂದ ತಂದ ಕೋರಾ ಬಟ್ಟೆಗೆ ಗಂಜಿ ಹಾಕಿರುತ್ತಾರೆ, ಅದರ ಮೇಲೆ ಅರಿಶಿನ ಕಲೆಕಲೆಯಾಗಿ ಹಿಡಿಯುತ್ತದೆ. ಮೊದಲು ಬರೀ ನೀರಿನಲ್ಲಿ ಎರಡು ಸಲ ಜಾಲಿಸಿ ಹಿಂಡಿ. ಸೋಪು ಬೇಡ, ಪೌಡರೂ ಬೇಡ. ಅರ್ಧ ಲೋಟ ನೀರಿಗೆ ಒಂದು ಚಮಚ ಅರಿಶಿನ ಕದಡಿ ಬಟ್ಟೆ ಅದ್ದಿ. ‘ಅರಿಶಿನದಲ್ಲಿ ಅದ್ದಿದ ಬಟ್ಟೆ ಕೆಂಪಗಾಯ್ತು, ದೇವರು ಒಪ್ಪಲಿಲ್ಲ’ ಎಂದು ಹೆದರಿ ಕೂತವರಿದ್ದಾರೆ. ಬಟ್ಟೆಯಲ್ಲಿ ಉಳಿದ ಸೋಪಿನ ಕ್ಷಾರ ಅರಿಶಿನವನ್ನು ಕೆಂಪು ಮಾಡುತ್ತದೆ. ಆರತಿ ತಟ್ಟೆಯ ಓಕುಳಿಯನ್ನು ನಾವು ಅರಿಶಿನಕ್ಕೆ ಸುಣ್ಣ ಸೇರಿಸಿ ಕೆಂಪು ಮಾಡುವುದಿಲ್ಲವೇ, ಅದೇ ಇದು. ಎರಡು ಹನಿ ನಿಂಬೆರಸ ಹಾಕಿದರೆ ಮತ್ತೆ ಹಳದಿಗೆ ತಿರುಗುತ್ತದೆ, ಆಮೇಲೆ ಬರೀ ನೀರಿನಲ್ಲಿ ಒಮ್ಮೆ ಜಾಲಿಸಿದರಾಯಿತು.

ಒಣಗಿಸುವುದು ನೆರಳಿನಲ್ಲಿ. ಬಿಸಿಲಿಗೆ ಅರಿಶಿನದ ಬಣ್ಣ ಒಂದೆರಡು ದಿನದಲ್ಲೇ ಮಾಸುತ್ತದೆ. ಮಳೆಗಾಲದಲ್ಲಿ ಬಚ್ಚಲ ಒಲೆಯ ಮೇಲಿನ ಹಗ್ಗವೇ ಗತಿ. ಕೈಗೆ ಒಣಗಿದಂತೆ ಕಂಡರೂ ಅಂಚಿನ ಮಡಿಕೆಯಲ್ಲಿ ಪಸೆ ಇರುತ್ತದೆ. ಆ ಪಸೆಯಲ್ಲೇ ಕಟ್ಟಿದರೆ ಹದಿನೈದು ದಿನದಲ್ಲಿ ಬೂಷ್ಟು ಬರುತ್ತದೆ, ತಾಮ್ರ ಬೆರೆತ ನಾಣ್ಯವಾದರೆ ಹಸಿರು ಕಿಲುಬು ಬಟ್ಟೆಗೂ ಹತ್ತುತ್ತದೆ. ಅವಸರದ ಹರಕೆಯಾದರೆ ಒಣಗಿದ ಬಟ್ಟೆಗೆ ಒಣ ಅರಿಶಿನ ಸವರಿ ಕಟ್ಟಿಬಿಡುವುದೇ ವಾಸಿ.

ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸದೆ ಸಾಲಾಗಿ ಮಲಗಿಸಿ, ಬಟ್ಟೆಯನ್ನು ಮೂರು ಸಲ ಪಟ್ಟಿಯಂತೆ ಮಡಿಸಿ, ಎರಡೂ ತುದಿ ಒಳಗೆ ತಿರುಗಿಸಿ. ಅರಿಶಿನದ ನೂಲನ್ನು ಮೂರು ಸುತ್ತು ಸುತ್ತಿ ಮೂರು ಗಂಟು ಹಾಕಿ, ಪ್ರತಿ ಗಂಟಿಗೂ ಒಮ್ಮೆ ಹರಕೆಯ ಮಾತು ಹೇಳಿ: ಯಾರಿಗಾಗಿ, ಯಾವ ದೇವರಿಗೆ, ಯಾವ ಕೆಲಸಕ್ಕೆ, ಎಷ್ಟರೊಳಗೆ ತಲುಪಿಸುತ್ತೇವೆ. ಪಟ್ಟಿಯಂತೆ ಮಡಿಸಲು ಕಾರಣವಿದೆ. ಈಗಿನ ಹುಂಡಿಗಳ ಬಾಯಿ ಕಿರಿದು, ಉಂಡೆ ಗಂಟು ಅದರಲ್ಲಿ ಇಳಿಯುವುದಿಲ್ಲ. ರಬ್ಬರ್ ಬ್ಯಾಂಡ್ ಅಂತೂ ಹಾಕಲೇಬಾರದು. ರಬ್ಬರಿನಲ್ಲಿ ಗಂಧಕವಿರುತ್ತದೆ, ಬೆಳ್ಳಿ ನಾಣ್ಯ ಅದರ ಪಕ್ಕ ಕೂತರೆ ಕೆಲವೇ ತಿಂಗಳಲ್ಲಿ ಕರ್ರಗಾಗುತ್ತದೆ, ರಬ್ಬರೂ ಅಂಟಂಟಾಗಿ ಬಟ್ಟೆಗೆ ಹಿಡಿಯುತ್ತದೆ.

ಇನ್ನೊಂದು ಕೆಲಸವನ್ನು ಹಿಂದಿನವರು ಮಾಡುತ್ತಿರಲಿಲ್ಲ, ನಾವು ಮಾಡಬೇಕು. ಒಂದು ಚೀಟಿಯಲ್ಲಿ ತಾರೀಖು, ದೇವರ ಹೆಸರು, ಹರಕೆಯ ವಿಷಯ ಬರೆದು ಒಳಗಿಡಿ. ಪೆನ್ಸಿಲಿನಲ್ಲಿ ಬರೆಯಿರಿ, ಶಾಯಿ ಥಂಡಿಗೆ ಹರಡುತ್ತದೆ. ಒಂದೇ ಮನೆಯಲ್ಲಿ ಧರ್ಮಸ್ಥಳದ್ದು, ತಿರುಪತಿಯದು, ಸಿಗಂದೂರಿನದು, ಊರ ಮಾರಿಯದು ಎಂದು ನಾಲ್ಕು ಮುಡಿಪುಗಳಿರುತ್ತವೆ. ಕಟ್ಟಿದವರು ತೀರಿಕೊಂಡ ಮೇಲೆ ಗೂಡಿನಲ್ಲಿ ಬಣ್ಣ ಮಾಸಿದ ನಾಲ್ಕು ಗಂಟುಗಳು ಮಾತ್ರ ಉಳಿಯುತ್ತವೆ. ಯಾವುದು ಯಾರದು ಎಂದು ಗೊತ್ತಾಗದೆ, ಬಿಚ್ಚಲೂ ಮನಸ್ಸು ಬಾರದೆ, ಮನೆಮಂದಿ ವರ್ಷಗಟ್ಟಲೆ ಅಂಜಿಕೆಯಲ್ಲಿ ಇರುತ್ತಾರೆ. ಅಂಥ ಗಂಟುಗಳನ್ನು ಬಿಚ್ಚದೆ ಒಟ್ಟಿಗೆ ಮನೆದೇವರಲ್ಲಿಗೆ ಒಯ್ದು, ತಪ್ಪು ಕಾಣಿಕೆ ಬೇರೆಯಾಗಿ ಇಟ್ಟು, ‘ಯಾರಿಗೆ ಸಲ್ಲಬೇಕೋ ಅವರಿಗೆ ಸಲ್ಲಿಸು’ ಎಂದು ಒಪ್ಪಿಸುವುದು ಸರಿಯಾದ ದಾರಿ. ಒಳಗಿನವು ಹಳೆಯ ಪಾವಲಿಗಳಾದರೆ ಹುಂಡಿ ಎಣಿಸುವವರಿಗೆ ಉಪಯೋಗವಿಲ್ಲ, ಅಷ್ಟೇ ಸಂಖ್ಯೆಯ ಈಗಿನ ನಾಣ್ಯಗಳನ್ನು ಜೊತೆಗೆ ಹಾಕಬೇಕು.

ಯಾವ ಲೋಹ ಎಲ್ಲಿಗೆ

ಕೆಳದಿ ಅರಸರ ಚಿನ್ನದ ನಾಣ್ಯವಾದ ಇಕ್ಕೇರಿ ವರಹದ ಮೇಲೆ ಶಿವಪಾರ್ವತಿಯರು ಕೂತಿದ್ದರು. 1763ರಲ್ಲಿ ಹೈದರಾಲಿ ಅವರ ರಾಜಧಾನಿ ಬಿದನೂರನ್ನು ಗೆದ್ದು ತನ್ನ ಹೊನ್ನು ಅಚ್ಚು ಹಾಕಿಸಿದಾಗಲೂ ಆ ಶಿವಪಾರ್ವತಿಯರನ್ನು ತೆಗೆಯಲಿಲ್ಲ, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲಕ್ಷರ ಹಾಕಿಸಿ ಸುಮ್ಮನಾದ. ಆ ಕಾಲದಲ್ಲಿ ಕಾಣಿಕೆಯ ನಾಣ್ಯದಲ್ಲಿ ಲೋಹವೂ ಶುದ್ಧ, ಮುದ್ರೆಯೂ ದೇವರದ್ದು. ಬ್ರಿಟಿಷರ ರೂಪಾಯಿಯಲ್ಲಿ ಮುದ್ರೆ ರಾಜರಾಣಿಯರದಾಯಿತು, ಬೆಳ್ಳಿ ಉಳಿಯಿತು. ಈಗಿನ ಒಂದು, ಎರಡು ರೂಪಾಯಿಯಲ್ಲಿ ಬೆಳ್ಳಿಯೂ ಇಲ್ಲ, ತಾಮ್ರವೂ ಇಲ್ಲ. ನೂರರಲ್ಲಿ 83 ಪಾಲು ಕಬ್ಬಿಣ, 17 ಪಾಲು ಕ್ರೋಮಿಯಂ ಇರುವ ಉಕ್ಕು, ಅಯಸ್ಕಾಂತಕ್ಕೆ ಅಂಟುತ್ತದೆ. ಹಳದಿ ಬಣ್ಣದ ಐದು ರೂಪಾಯಿ ನಿಕ್ಕಲ್ ಬೆರೆತ ಹಿತ್ತಾಳೆ. ಹತ್ತು ರೂಪಾಯಿಯ ಹೊರಬಳೆಯಲ್ಲಿ 92 ಪಾಲು ತಾಮ್ರ, ನಡುವೆ ಉಕ್ಕು. ಇಪ್ಪತ್ತರ ಹೊರಬಳೆ 65 ಪಾಲು ತಾಮ್ರ, 15 ಸತು, 20 ನಿಕ್ಕಲ್, ಅದರ ನಡುಭಾಗ 75 ಪಾಲು ತಾಮ್ರ.

ಇದು ಯಾಕೆ ಮುಖ್ಯ ಎಂದರೆ ಕಲಶಕ್ಕೆ ನಾಣ್ಯ ಹಾಕುತ್ತೇವೆ, ಆ ನೀರನ್ನೇ ತೀರ್ಥವೆಂದು ಕುಡಿಯುತ್ತೇವೆ. ಹತ್ತು ಕೈ ದಾಟಿ ಬಂದ ನಾಣ್ಯ, ಅದರಲ್ಲಿ ನಿಕ್ಕಲ್, ರಾತ್ರಿಯಿಡೀ ನೀರಿನಲ್ಲಿ. ಇಂಥ ನೀರನ್ನು ಮಕ್ಕಳಿಗೆ ಕೊಡಬಾರದು. ಎರಡು ದಾರಿಗಳಿವೆ. ಒಂದು, ಅಕ್ಕಸಾಲಿಗರಲ್ಲಿ ಶುದ್ಧ ತಾಮ್ರದ ಬಿಲ್ಲೆಯನ್ನೋ 999 ಗುರುತಿನ ಐದು ಗ್ರಾಮಿನ ಬೆಳ್ಳಿ ನಾಣ್ಯವನ್ನೋ ಮಾಡಿಸಿ ಕಲಶಕ್ಕೆಂದೇ ಇಟ್ಟುಕೊಳ್ಳುವುದು. ಇನ್ನೊಂದು, ಚಲಾವಣೆಯ ನಾಣ್ಯವನ್ನು ಕಲಶದ ಕೆಳಗೆ ಇಡುವುದು: ತಟ್ಟೆಯಲ್ಲಿ ಒಂದು ಪಾವು ಅಕ್ಕಿ ಹರಡಿ, ನಡುವೆ ನಾಣ್ಯ ಇಟ್ಟು, ಅದರ ಮೇಲೆ ಕಲಶ. ಎರಡನೆಯದೇ ಹೆಚ್ಚು ಅನುಕೂಲ, ಪೂಜೆ ಮುಗಿದ ಮೇಲೆ ಅಕ್ಕಿಯ ಜೊತೆ ನಾಣ್ಯವನ್ನೂ ದಕ್ಷಿಣೆಯಾಗಿ ಕೊಡಬಹುದು. ಕಲಶದ ನೀರು ಮುಕ್ಕಾಲಿಗೆ ನಿಲ್ಲಲಿ, ತೆಂಗಿನಕಾಯಿ ಇಟ್ಟಾಗ ಉಕ್ಕಿ ಅಕ್ಕಿಗೆ ಬಿದ್ದರೆ ಅಕ್ಕಿ ಮುಗ್ಗುತ್ತದೆ. ತಾಮ್ರದ ಬಿಲ್ಲೆಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿದ ಮೇಲೆ ಹುಳಿ ಪೂರ್ತಿ ಹೋಗುವಂತೆ ತೊಳೆದು ಒರೆಸಬೇಕು, ಇಲ್ಲದಿದ್ದರೆ ಮರುದಿನಕ್ಕೇ ಕಿಲುಬು. ಉಕ್ಕಿನ ನಾಣ್ಯಕ್ಕೆ ಸೀಗೆಪುಡಿ, ಬಿಸಿನೀರು ಸಾಕು. ಉಪ್ಪು ತಾಗಿಸಬೇಡಿ, ಉಪ್ಪಿನಲ್ಲಿ ಬಿಟ್ಟರೆ ಈ ಉಕ್ಕಿಗೂ ಚುಕ್ಕೆಚುಕ್ಕೆಯಾಗಿ ತುಕ್ಕು ಬರುತ್ತದೆ.

ಲಕ್ಷ್ಮೀಪೂಜೆಗೆ ಅಜ್ಜಿಯ ಕಾಲದ ರೂಪಾಯಿ ಇಡುವ ಮನೆಗಳಿಗೆ ಒಂದು ಮಾತು. ಹಳೆಯ ಬೆಳ್ಳಿ ರೂಪಾಯಿ 11.66 ಗ್ರಾಂ ತೂಗುತ್ತದೆ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. 1940ರಿಂದ 45ರವರೆಗಿನದರಲ್ಲಿ ಬೆಳ್ಳಿ ಅರ್ಧಕ್ಕರ್ಧ, ಆಮೇಲಿನದು ನಿಕ್ಕಲ್. ಸಂತೆಯಲ್ಲಿ, ಜಾತ್ರೆಯಲ್ಲಿ ‘ಪೂಜೆಗೆ ಹಳೇ ರೂಪಾಯಿ’ ಎಂದು ಮಾರುವ ಎಷ್ಟೋ ನಾಣ್ಯಗಳು ಈಚೆಗೆ ಎರಕ ಹೊಯ್ದವು. ಅಯಸ್ಕಾಂತಕ್ಕೆ ಅಂಟಿದರೆ, ತೂಕ ಅರ್ಧ ಗ್ರಾಮಿನಷ್ಟು ಹೆಚ್ಚುಕಮ್ಮಿ ಬಂದರೆ, ಅಂಚಿನಲ್ಲಿ ಸುತ್ತಲೂ ಗೆರೆಯಂಥ ಕೂಡುಗುರುತು ಕಂಡರೆ ತೆಗೆದುಕೊಳ್ಳಬೇಡಿ. ಮನೆಯದ್ದು ಕಪ್ಪಾದರೆ ದೃಷ್ಟಿಯಾಯಿತು ಎಂದು ಗಾಬರಿ ಬೇಡ, ಗಾಳಿಯಲ್ಲಿರುವ ಗಂಧಕದ ಅಂಶಕ್ಕೆ ಬೆಳ್ಳಿ ಹಾಗಾಗುತ್ತದೆ. ಹಲ್ಲುಪುಡಿಯಲ್ಲಿ ತಿಕ್ಕಿದರೆ ಅಕ್ಷರ ಸವೆಯುತ್ತದೆ, ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಪೂಜೆಯಲ್ಲಿ ಸಿಂಹದ ಬದಿ ಮೇಲಿರಬೇಕೋ ಅಂಕಿಯ ಬದಿಯೋ ಎಂದು ಕೇಳುವವರಿದ್ದಾರೆ. ಅದಕ್ಕೆ ಕಟ್ಟುಪಾಡಿಲ್ಲ. ಮನೆಯಲ್ಲಿ ಒಂದನ್ನು ಹಿಡಿದು ಅದನ್ನೇ ನಡೆಸಿಕೊಂಡು ಬಂದರಾಯಿತು.

ಮಣ್ಣಿನಲ್ಲಿ ಹಳೆಯ ನಾಣ್ಯ ಸಿಕ್ಕಿದರೆ ಪೂಜೆಗಿಡುವ ಆಸೆ ಬೇಡ. 1878ರ ನಿಧಿ ಕಾಯ್ದೆಯ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕಿದರೆ ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ನಿಧಿಯ ಹುಚ್ಚಿನಲ್ಲಿ ಕೆಳದಿ ಕಾಲದ ಗುಡಿಗಳ ಪೀಠ ಅಗೆದು ಹಾಕುವವರ ಬಗ್ಗೆ ಬರೆಯಲು ಹೊರಟರೆ ಕೈ ನಡುಗುತ್ತದೆ. ಒಂದು ಪೀಠದ ಕೆಳಗೆ ಇಟ್ಟ ಎರಡು ಕಾಸು ನೂರಾರು ವರ್ಷದ ಹಿಂದೆ ಯಾರೋ ಎತ್ತಿಟ್ಟ ಮುಡಿಪು, ಅದನ್ನು ಬಿಚ್ಚುವ ಹಕ್ಕು ಯಾರಿಗೂ ಇಲ್ಲ.

ನೀರು, ದಾರಿ, ಬನ

ಹೊಳೆ ದಾಟುವಾಗ ನಾಣ್ಯ ಎಸೆಯುವ ರೂಢಿಗೆ ಈಚೆಗೆ ಒಂದು ಸಮರ್ಥನೆ ಹುಟ್ಟಿಕೊಂಡಿದೆ: ಹಿಂದೆ ತಾಮ್ರದ ನಾಣ್ಯ ಎಸೆಯುತ್ತಿದ್ದರು, ಅದು ನೀರನ್ನು ಶುದ್ಧಮಾಡುತ್ತಿತ್ತು ಎಂದು. ತಾಮ್ರದ ತಂಬಿಗೆಯಲ್ಲಿ ರಾತ್ರಿ ನಿಂತ ನೀರಿಗೆ ಆ ಗುಣ ಬರುವುದು ನಿಜ. ಮಳೆಗಾಲದ ತುಂಗೆಗೆ ನಾಲ್ಕು ಕಾಸಿನ ತಾಮ್ರ ಏನು ಮಾಡೀತು? ಎಸೆದವರು ಹೊಳೆಯನ್ನು ತಾಯಿಯೆಂದು ಬಗೆದು ಕೊಟ್ಟರು, ಕಾರಣ ಅಷ್ಟೇ ಸಾಕು. ಈಗಿನ ಉಕ್ಕಿನ ಬಿಲ್ಲೆ ತಳದಲ್ಲಿ ಸುಮ್ಮನೆ ಬಿದ್ದಿರುತ್ತದೆ, ಇಲ್ಲವೇ ಹಗ್ಗಕ್ಕೆ ಅಯಸ್ಕಾಂತ ಕಟ್ಟಿ ಇಳಿಸುವ ಹುಡುಗರಿಗೆ ಸಿಗುತ್ತದೆ. ಕೊಡುವ ಕ್ರಿಯೆಯನ್ನು ಉಳಿಸಿಕೊಳ್ಳುವ ಸರಳ ವಿಧಾನ ಹೀಗಿದೆ. ನೀರಿಗಿಳಿದು ನಾಣ್ಯವನ್ನು ಬಲ ಅಂಗೈಯಲ್ಲಿಟ್ಟು ಮೂರು ಸಲ ಮುಳುಗಿಸಿ, ಪ್ರತಿ ಸಲವೂ ಬೆರಳ ತುದಿಯಿಂದ ನೀರನ್ನು ಹೊಳೆಗೆ ಬಿಡಿ. ಹೊಳೆಗೆ ಸಲ್ಲಬೇಕಾದದ್ದು ನೀರಿನ ಜೊತೆ ಸಂದಿತು. ನಾಣ್ಯವನ್ನು ಅಲ್ಲೇ ಮೆಟ್ಟಿಲ ಮೇಲಿನ ದೇವಸ್ಥಾನಕ್ಕೋ ಅನ್ನದಾನಕ್ಕೋ ಹಾಕಿ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆಯ ತೀರ್ಥಸ್ನಾನದಲ್ಲೂ ಕೂಡ್ಲಿಯ ಸಂಗಮದಲ್ಲೂ ಇದು ಸುಲಭ. ಸೇತುವೆಯ ಮೇಲೆ ಓಡುವ ಬಸ್ಸಿನ ಕಿಟಕಿಯಿಂದ ಎಸೆಯುವುದನ್ನು ಮಾತ್ರ ಬಿಡಲೇಬೇಕು, ಕೆಳಗೆ ದೋಣಿಯಲ್ಲಿ, ಬಂಡೆಯ ಮೇಲೆ ಜನರಿರುತ್ತಾರೆ.

ನಿವಾಳಿಸಿದ ನಾಣ್ಯದ ರೀತಿಯೇ ಬೇರೆ. ಮುಡಿಪಿನಲ್ಲಿ ಒಳ್ಳೆಯದನ್ನು ಎತ್ತಿಡುತ್ತೇವೆ, ನಿವಾಳಿಯಲ್ಲಿ ಕೆಟ್ಟದ್ದನ್ನು ಇಳಿಸಿ ಹೊರಗೆ ಹಾಕುತ್ತೇವೆ. ಇವೆರಡೂ ನಾಣ್ಯಗಳು ಎಂದೂ ಬೆರೆಯಬಾರದು, ನಿವಾಳಿಯದನ್ನು ಹುಂಡಿಗೆ ಹಾಕಬಾರದು. ಮೂರು ದಾರಿ ಕೂಡುವಲ್ಲಿ ನಿಂಬೆಹಣ್ಣು, ಕುಂಕುಮ, ನಾಣ್ಯ ಇಟ್ಟು ತಿರುಗಿ ನೋಡದೆ ಬರುವುದು ಹಳೆಯ ಕ್ರಮ. ಆಗ ಆ ದಾರಿಯಲ್ಲಿ ಗಾಡಿ ಓಡಾಡುತ್ತಿತ್ತು, ಈಗ ಬೈಕು ಓಡುತ್ತದೆ. ಡಾಂಬರಿನ ಮೇಲೆ ಕೊಯ್ದ ನಿಂಬೆ ಜಾರುತ್ತದೆ, ನಾಣ್ಯವನ್ನು ಮಕ್ಕಳು ಹೆಕ್ಕಿಕೊಳ್ಳುತ್ತಾರೆ. ದಾರಿಯ ಬದಿಯ ಮರದ ಬುಡದಲ್ಲಿ ಒಂದು ಗೇಣು ಗುಂಡಿ ತೋಡಿ ಹೂತರೆ ದಾರಿಗೂ ಸಂದಿತು, ಯಾರ ಕೈಗೂ ಸಿಗಲಿಲ್ಲ. ಒಂದು ರೂಪಾಯಿಗಿಂತ ಹೆಚ್ಚು ಬೇಡ.

ಊರ ಕಾವಲಿನ ದೇವತೆ ಚೌಡಿಯ ಬನದ ಕಲ್ಲಿನ ಮೇಲೆ ಇಡುವ ತಪ್ಪು ಕಾಣಿಕೆಗೆ ಉಕ್ಕಿಗಿಂತ ಹಳದಿ ಐದು ರೂಪಾಯಿ ಒಳ್ಳೆಯದು. ಆಗುಂಬೆ ಕಡೆ ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಮಳೆ, ಎಲೆ ಕೊಳೆತ ಹುಳಿ ನೀರು, ಕುಂಕುಮ, ಎಣ್ಣೆ ಎಲ್ಲ ಸೇರಿ ಉಕ್ಕಿನ ಅಂಚಿಗೂ ಕಂದು ಕಲೆ ಹಿಡಿಸುತ್ತವೆ, ಅದು ಕಲ್ಲಿಗೂ ಇಳಿಯುತ್ತದೆ. ವೀಳ್ಯದೆಲೆಯ ಮೇಲೆ ಅಡಿಕೆ, ಅದರ ಪಕ್ಕ ನಾಣ್ಯ. ನಾಣ್ಯ ನೇರವಾಗಿ ಕಲ್ಲಿಗೆ ತಾಗದಿರಲಿ. ವರ್ಷದ ಪೂಜೆಯ ದಿನ ಹಿಂದಿನದನ್ನೆಲ್ಲ ಎತ್ತಿ, ಎಣಿಸಿ, ಆ ಬನದ ದೀಪದೆಣ್ಣೆಗೇ ಖರ್ಚು ಮಾಡಬೇಕು. ಎತ್ತದೆ ಬಿಟ್ಟರೆ ಕಳ್ಳರಿಗೆ ದಾರಿ ತೋರಿಸಿದಂತೆ. ‘ಸಿಗಂದೂರು ಚೌಡೇಶ್ವರಿ ದೇವಿಯ ಕಾವಲಿದೆ’ ಎಂಬ ಫಲಕವಿರುವ ತೋಟದಲ್ಲಿ ಅಡಿಕೆ ಮುಟ್ಟದ ಕಳ್ಳರೂ ಬನದ ಚಿಲ್ಲರೆಗೆ ಕೈ ಹಾಕಿದ್ದುಂಟು.

ಫೋನಿನಲ್ಲಿ ಕಾಣಿಕೆ

ಹುಂಡಿಯ ಪಕ್ಕದಲ್ಲೇ ಈಗ ಕ್ಯೂಆರ್ ಕೋಡಿನ ಫಲಕ. ನೂರಾ ಒಂದೂ ಹೋಗುತ್ತದೆ, ಒಂದೂಕಾಲೂ ಹೋಗುತ್ತದೆ. ಪಾವಲಿ ಸತ್ತರೂ 25 ಪೈಸೆಯ ಲೆಕ್ಕ ಬ್ಯಾಂಕಿನ ಪುಸ್ತಕದಲ್ಲಿ ಬದುಕಿದೆ. ಆದ್ದರಿಂದ ಹರಕೆಯ ದಿನವೇ ಯುಪಿಐನಲ್ಲಿ 1 ರೂಪಾಯಿ 25 ಪೈಸೆ ಕಳಿಸಿದರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಮುಗಿಯುವುದಿಲ್ಲ. ದ್ರವ್ಯ ತಲುಪಿತು, ಕ್ರಿಯೆ ಆಗಲಿಲ್ಲ. ಹೇಳಿದ ದಿನಕ್ಕೂ ತೀರಿಸಿದ ದಿನಕ್ಕೂ ನಡುವೆ ಆ ಗಂಟು ಮನೆಯ ಗೂಡಿನಲ್ಲಿ ಕೂತಿರಬೇಕು, ದಿನಾ ದೀಪ ಹಚ್ಚುವಾಗ ಕಣ್ಣಿಗೆ ಬೀಳಬೇಕು. ಜ್ವರ ಬಿಟ್ಟ ಮೇಲೆ ಮರೆತುಬಿಡುವ ಮನಸ್ಸನ್ನು ಎಚ್ಚರಿಸುವುದು ಆ ಹಳದಿ ಪಟ್ಟಿ. ಫೋನನ್ನು ಬೇಡ ಎನ್ನುವಂತೆಯೂ ಇಲ್ಲ, ದೊಡ್ಡ ಮೊತ್ತ ಸುರಕ್ಷಿತವಾಗಿ ತಲುಪುತ್ತದೆ, ಎಣಿಕೆಯ ಕಷ್ಟವಿಲ್ಲ. ಐದು ನಾಣ್ಯದ ಮುಡಿಪನ್ನು ಹೇಳಿದ ದಿನವೇ ಕಟ್ಟಿ. ತೀರಿಸಲು ಹೋದಾಗ ಸೇವೆಯದ್ದೋ ಅನ್ನದಾನದ್ದೋ ಹಣವನ್ನು ಫೋನಿನಲ್ಲಿ ಕಳಿಸಿ, ಮುಡಿಪನ್ನು ಕೈಯಾರೆ ಹುಂಡಿಗೆ ಹಾಕಿ. ದೂರದಲ್ಲಿರುವ ಮಕ್ಕಳು ಹರಕೆ ಹೇಳಿದರೆ ಮನೆಯಲ್ಲಿ ಇರುವವರು ಅವರ ಹೆಸರಿನಲ್ಲಿ ಕಟ್ಟಬಹುದು, ಆದರೆ ಮಾತನ್ನು ಹೊತ್ತವರೇ ಆಡಬೇಕು. ಫೋನನ್ನು ಗೂಡಿನ ಮುಂದೆ ಹಿಡಿದು ಅವರ ದನಿಯಲ್ಲೇ ಹೇಳಿಸಿ, ಅದೇ ಹೊತ್ತಿಗೆ ಇಲ್ಲಿ ಗಂಟು ಹಾಕಿದರೆ ಲೋಪವಿಲ್ಲ.

ಶರಾವತಿ ಹಿನ್ನೀರಿನ ಸೇತುವೆ 2025ರ ಜುಲೈನಲ್ಲಿ ತೆರೆಯುವ ಮೊದಲು ಸಿಗಂದೂರಿಗೆ ಹೋಗುವವರೆಲ್ಲ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯಬೇಕಿತ್ತು. ಆ ಸಾಲಿನಲ್ಲಿ ಒಬ್ಬ ಹೆಂಗಸು ಮುಡಿಪನ್ನು ಎಡಗೈಯ ಮುಷ್ಟಿಯಲ್ಲಿ ಹಿಡಿದು ನಿಂತಿದ್ದರು. ಲಾಂಚು ಹತ್ತುವಾಗ ಗಂಡ ಕೈ ಕೊಡಲು ಬಂದರೆ ಬಲಗೈ ಮಾತ್ರ ಚಾಚಿದರು, ಬ್ಯಾಗಿನಲ್ಲಿ ಹಾಕು ಎಂದರೂ ಕೇಳಲಿಲ್ಲ. ಹುಂಡಿಯ ಮುಂದೆ ಮುಷ್ಟಿ ಬಿಚ್ಚಿದಾಗ ಅಂಗೈ ಪೂರ್ತಿ ಅರಿಶಿನ, ನಡುವೆ ನಾಣ್ಯದ ಅಂಚಿನ ಗುರುತು. ಗಂಟು ಉಂಡೆಯಾಗಿತ್ತು, ಹುಂಡಿಯ ಬಾಯಿಗೆ ಹಿಡಿಸಲಿಲ್ಲ. ಹಿಂದೆ ಜನ ತಳ್ಳುತ್ತಿದ್ದರು. ಅವರು ಪಕ್ಕಕ್ಕೆ ಸರಿದು ಕಂಬದ ಬುಡದಲ್ಲಿ ಕೂತು, ಹಲ್ಲಿನಿಂದ ಗಂಟು ಸಡಿಲಿಸಿ, ಬಟ್ಟೆಯನ್ನು ಮಡಿಲಲ್ಲಿ ಹರಡಿ, ಒಂದೊಂದೇ ನಾಣ್ಯವನ್ನು ಹಣೆಗೆ ಮುಟ್ಟಿಸಿ ಮತ್ತೆ ಸಾಲಿಗೆ ಬಂದು ಹಾಕಿದರು. ಖಾಲಿ ಬಟ್ಟೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಅಂಥ ಬಟ್ಟೆಯನ್ನು ಎಸೆಯುವುದಿಲ್ಲ, ಇನ್ನೊಂದು ಮುಡಿಪಿಗೂ ಬಳಸುವುದಿಲ್ಲ. ಮನೆಗೆ ತಂದು ತೆಂಗಿನ ಸಸಿಯ ಬುಡದಲ್ಲಿ ಮಣ್ಣು ಮಾಡುತ್ತಾರೆ, ಹತ್ತಿಯಾದರೆ ಒಂದು ಮಳೆಗಾಲದಲ್ಲಿ ಕರಗಿಹೋಗುತ್ತದೆ.